ನೊಣ ಸಾಯುವುದಿಲ್ಲ ಏಕೆ? ಕಲ್ಯಾಣದ ಹಟ್ಟಿಯಿಂದ ಮಲೆನಾಡಿನ ಕೊಟ್ಟಿಗೆಯವರೆಗೆ

ಮಳೆ ಹಿಡಿದು ಎರಡು ವಾರವಾಯಿತೆಂದರೆ ನಮ್ಮ ಕೊಟ್ಟಿಗೆಗಳಲ್ಲಿ ನೊಣದ ಕಾಟ ಶುರು. ಹಸು ಕಾಲು ಝಾಡಿಸುತ್ತದೆ, ಬಾಲ ಬೀಸುತ್ತದೆ, ಕರೆಯುವ ಹೊತ್ತಿಗೆ ಚೊಂಬನ್ನೇ ಒದೆಯುತ್ತದೆ. ಬೆಳೆಗಾರರು ಪೇಟೆಯಿಂದ ಮದ್ದು ತಂದು ಹೊಡೆಯುತ್ತಾರೆ. ಮೊದಲ ವರ್ಷ ಕೆಲವು ವಾರ ನೆಮ್ಮದಿ, ಮರುವರ್ಷ ನಾಲ್ಕೈದು ದಿನ, ಅದರ ಮರುವರ್ಷ ಹೊಡೆದ ಸಂಜೆಯೇ ನೊಣ ಹಾಜರು. ಮದ್ದು ಕಲಬೆರಕೆಯೆಂದು ಅಂಗಡಿಯವನನ್ನು ಬೈದು, ಮುಂದಿನ ಸಲ ಎರಡು ಪಾಲು ಬೆರೆಸಿ ಹೊಡೆಯುವುದು ವಾಡಿಕೆ. ಮದ್ದು ಕಲಬೆರಕೆಯಾಗಿರುವುದೂ ಉಂಟು. ಆದರೆ ಎಷ್ಟೋ ಸಲ ಬದಲಾಗಿರುವುದು ಮದ್ದಲ್ಲ, ನೊಣ. ಈ ಬದಲಾವಣೆ ಹೇಗಾಗುತ್ತದೆ, ವಿಜ್ಞಾನಿಗಳು ಏನು ಕಂಡುಕೊಂಡಿದ್ದಾರೆ, ಸಣ್ಣ ಹಿಡುವಳಿಯ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ದೇವಣಿಯ ನಾಡು

ನಮ್ಮ ರಾಜ್ಯದ ಉತ್ತರದ ತುದಿಯಲ್ಲಿ, ಮುಂಬೈ-ಹೈದರಾಬಾದ್ ಹೆದ್ದಾರಿಯ ಮಗ್ಗುಲಲ್ಲಿರುವ ಬಸವಕಲ್ಯಾಣ ಮತ್ತು ಹುಮನಾಬಾದ್ ಪ್ರದೇಶ ನಮ್ಮ ಮಲೆನಾಡಿಗೆ ಎಲ್ಲ ವಿಧದಲ್ಲೂ ಎದುರು. ಅಲ್ಲಿ ಕಾಫಿಯಿಲ್ಲ, ಅಡಿಕೆಯ ಸೀಮೆಯೂ ಅದಲ್ಲ. ತೊಗರಿ, ಜೋಳ, ಸೋಯಾ, ಕಬ್ಬು ಅಲ್ಲಿಯ ಬೆಳೆ. ವರ್ಷದ ಮಳೆ ಒಂದು ಮೀಟರಿಗೂ ಕಡಿಮೆ. ಆದರೆ ಬೀದರ್ ಜಿಲ್ಲೆಯ ಆ ನೆಲ ಹೆಸರಾಂತ ದೇವಣಿ ತಳಿಯ ತವರಿಗೆ ಸೇರಿದ್ದು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ದೇವಣಿ ಊರಿನಿಂದ ತಳಿಗೆ ಈ ಹೆಸರು. ಮೈಯೆಲ್ಲ ಬಿಳಿಯಾದದ್ದು ಬಾಲಂಕ್ಯಾ, ಬಿಳಿ ಮೈಗೆ ಕಪ್ಪು ಮುಖದ್ದು ವನ್ನೇರಾ, ಕಪ್ಪು ಬಿಳುಪು ಮಚ್ಚೆಯದ್ದು ವಾಘ್ಯಾ ಅಥವಾ ಶೆವರಾ ಎಂದು ಅಲ್ಲಿಯ ರೈತರು ಮೂರು ಬಗೆ ಗುರುತಿಸುತ್ತಾರೆ. ಎತ್ತು ಹೂಡಲೂ ಸೈ, ಹಸು ಹಾಲಿಗೂ ಸೈ. 2004ರ ಕಾಯ್ದೆಯಂತೆ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೂ ಬೀದರಿನಲ್ಲೇ ಇದೆ.

ಅಷ್ಟು ದೂರದ ಊರಿನ ಮಾತು ನಮಗೇಕೆ ಎಂದು ಕೇಳಬಹುದು. ಒಂದನೆಯದಾಗಿ, ಅಲ್ಲಿಯ ಹಟ್ಟಿಗೂ ನಮ್ಮ ಕೊಟ್ಟಿಗೆಗೂ ಬರುವ ನೊಣಗಳು ಅವೇ. ಎರಡೂ ಕಡೆಯ ಅಂಗಡಿಯಲ್ಲಿ ಸಿಗುವ ಮದ್ದುಗಳೂ ಅವೇ. ಎರಡನೆಯದಾಗಿ, ಅಲ್ಲಿಯ ಒಂದು ಹಳೆಯ ಪದ್ಧತಿಯಲ್ಲಿ ನಮಗೆ ಪಾಠವಿದೆ. ಅಲ್ಲಿ ಹೆಂಗಸರು ಬೆಳಗಾಗುತ್ತಲೇ ಸಗಣಿ ಬಾಚಿ ಕುಳ್ಳು ತಟ್ಟಿ ಬಿಸಿಲಿಗೆ ಹಾಕುತ್ತಾರೆ. ಒಲೆಗೆ ಉರುವಲಾಗಲೆಂದು ಮಾಡುವ ಕೆಲಸವಿದು. ಆದರೆ ತೆಳುವಾಗಿ ತಟ್ಟಿದ ಸಗಣಿ ಬಿಸಿಲಿಗೆ ಬೇಗನೆ ಒಣಗುವುದರಿಂದ ಅದರಲ್ಲಿ ನೊಣದ ಮರಿಹುಳ ಬದುಕಲಾರದು. ಒಲೆಗಾಗಿ ಮಾಡಿದ್ದು ನೊಣಕ್ಕೂ ಮದ್ದಾಯಿತು! ನಮ್ಮಲ್ಲಾದರೋ ಸೊಪ್ಪು ಹಾಸಿ, ಸಗಣಿ ಗಂಜಲ ಅದರಲ್ಲೇ ನೆನೆದು ಕೊಳೆತು ಒಳ್ಳೆಯ ಗೊಬ್ಬರವಾಗಲೆಂದು ವಾರಗಟ್ಟಲೆ ಬಿಡುತ್ತೇವೆ. ತೋಟಕ್ಕೆ ಅದು ಅಮೃತ, ನೊಣಕ್ಕೆ ಹೆರಿಗೆಮನೆ.

ನೊಣವೆಲ್ಲ ಒಂದೇ ಅಲ್ಲ

ಶತ್ರುವನ್ನು ಗುರುತಿಸದೆ ಮದ್ದು ಹೊಡೆಯುವುದು ಕತ್ತಲಲ್ಲಿ ಕಲ್ಲೆಸೆದಂತೆ. ದನಗಳನ್ನು ಕಾಡುವ ಮುಖ್ಯ ನೊಣಗಳು ನಾಲ್ಕು.

ಮೊದಲನೆಯದು ಮನೆನೊಣ. ಇದು ಕಚ್ಚುವುದಿಲ್ಲ; ಕಣ್ಣೀರು, ಜೊಲ್ಲು, ಗಾಯದ ರಸ ನೆಕ್ಕುತ್ತದೆ. ಒಂದು ಹೆಣ್ಣು ಒಂದೊಂದು ಸಲಕ್ಕೆ ನೂರರಿಂದ ನೂರೈವತ್ತು ಮೊಟ್ಟೆಯಿಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಹತ್ತು ದಿನದೊಳಗೆ ಮೊಟ್ಟೆ ನೊಣವಾಗಬಲ್ಲದು.

ಎರಡನೆಯದು ಕಚ್ಚುವ ಕೊಟ್ಟಿಗೆ ನೊಣ, ಸ್ಟೊಮಾಕ್ಸಿಸ್. ನೋಡಲು ಮನೆನೊಣದಂತೆಯೇ, ಆದರೆ ಮುಂದಕ್ಕೆ ಚಾಚಿದ ಸೂಜಿಯಂಥ ಬಾಯಿ ಇದೆ. ಹೆಚ್ಚಾಗಿ ಕಾಲಿಗೆ ಕಚ್ಚಿ ರಕ್ತ ಹೀರುತ್ತದೆ. ಗಂಡು ಹೆಣ್ಣು ಎರಡೂ ಕಚ್ಚುತ್ತವೆ. ಹೊಟ್ಟೆ ತುಂಬಿದ ಮೇಲೆ ದನದ ಮೈ ಬಿಟ್ಟು ಗೋಡೆ, ಕಂಬಗಳ ಮೇಲೆ ಕೂತು ಅರಗಿಸಿಕೊಳ್ಳುತ್ತದೆ. ಗಂಜಲ, ಸಗಣಿ ಸೇರಿ ಕೊಳೆಯುವ ಹುಲ್ಲು ಸೊಪ್ಪಿನಲ್ಲಿ ಮರಿಮಾಡುತ್ತದೆ. ಬ್ರೆಜಿಲ್ ದೇಶದಲ್ಲಿ ಕಬ್ಬಿನ ಗದ್ದೆಯಲ್ಲಿ ಉಳಿದ ರವದಿಗೆ ಕಾರ್ಖಾನೆಯ ಕೊಳೆನೀರು ಬಿಟ್ಟ ಕಡೆ, ಕೋಸ್ಟರಿಕಾದಲ್ಲಿ ಅನಾನಸಿನ ತ್ಯಾಜ್ಯದಲ್ಲಿ ಈ ನೊಣ ಹಿಂಡುಹಿಂಡಾಗಿ ಎದ್ದು ಸುತ್ತಲಿನ ದನಗಳನ್ನು ಕಾಡಿದ್ದುಂಟು. ಕಬ್ಬು ಬೆಳೆಯುವ ಬೀದರ್ ಸೀಮೆಯವರೂ, ಕಾಫಿಹಣ್ಣಿನ ಸಿಪ್ಪೆ, ಹಸಿ ಅಡಿಕೆಯ ಸಿಪ್ಪೆ ರಾಶಿ ಹಾಕುವ ನಾವೂ ಇದನ್ನು ಗಮನದಲ್ಲಿಡಬೇಕು.

ಮೂರನೆಯದು ಎಮ್ಮೆನೊಣ, ಹೆಮಟೋಬಿಯಾ. ಗಾತ್ರದಲ್ಲಿ ಚಿಕ್ಕದು. ಹಗಲಿರುಳೂ ದನದ ಮೈಮೇಲೆಯೇ ಇದ್ದು ದಿನಕ್ಕೆ ಹತ್ತಾರು ಸಲ ಸ್ವಲ್ಪ ಸ್ವಲ್ಪವೇ ರಕ್ತ ಹೀರುತ್ತದೆ. ಆಗಷ್ಟೇ ಬಿದ್ದ ಬಿಸಿ ಸಗಣಿಯಲ್ಲಿ ಮಾತ್ರ ಮೊಟ್ಟೆಯಿಡುತ್ತದೆ.

ನಾಲ್ಕನೆಯದು ಕುರುಡುನೊಣ. ದಪ್ಪನೆಯ ದೇಹ, ಚುಚ್ಚಿದರೆ ರಕ್ತ ತೊಟ್ಟಿಕ್ಕುತ್ತದೆ. ಹೆಣ್ಣು ಮಾತ್ರ ಕಚ್ಚುತ್ತದೆ. ಇದರ ಮರಿಹುಳ ಹಳ್ಳ, ಕೆರೆಯಂಚಿನ ಕೆಸರಿನಲ್ಲಿ ಬೆಳೆಯುವುದರಿಂದ ಕೊಟ್ಟಿಗೆ ಎಷ್ಟು ಚೊಕ್ಕಟವಾಗಿದ್ದರೂ ಇದು ಬರುವುದು ತಪ್ಪದು.

ಬರಿಯ ಕಿರಿಕಿರಿಯಲ್ಲ

ನೊಣದ ಕಾಟದಿಂದ ದನ ನೆಮ್ಮದಿಯಾಗಿ ಮೇಯುವುದಿಲ್ಲ, ಮಲಗಿ ಮೆಲುಕು ಹಾಕುವುದಿಲ್ಲ, ಹಾಲು ಇಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ರೋಗದ್ದು. ಕುರುಡುನೊಣಗಳು ಸರ್ರಾ ರೋಗದ ಜೀವಾಣುವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಇನ್ನು ಚರ್ಮಗಂಟು ರೋಗ. 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ 2019ರಲ್ಲಿ ಒಡಿಶಾದ ಮೂಲಕ ನಮ್ಮ ದೇಶದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಅದು ದೇಶದಾದ್ಯಂತ ಒಂದು ಲಕ್ಷಕ್ಕೂ ಮಿಕ್ಕಿ ಜಾನುವಾರುಗಳ ಪ್ರಾಣ ತೆಗೆಯಿತು. ಕರ್ನಾಟಕದ ರೈತರೂ ಆ ವರ್ಷ ಬಹಳ ನಷ್ಟ ಕಂಡರು. ರೋಗ ಹಬ್ಬುವುದರಲ್ಲಿ ಕಚ್ಚುವ ಕೀಟಗಳ ಪಾತ್ರವಿದೆ ಎಂಬ ಶಂಕೆ ಮೊದಲಿನಿಂದಲೂ ಇತ್ತು. ಕೊಟ್ಟಿಗೆ ನೊಣವೂ ಕುರುಡುನೊಣದ ಒಂದು ಬಗೆಯೂ ರೋಗದ ವೈರಸ್ಸನ್ನು ಹಸುವಿನಿಂದ ಹಸುವಿಗೆ ದಾಟಿಸಬಲ್ಲವೆಂದು 2019ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದರು. ರೋಗಕ್ಕೆ ಲಸಿಕೆಯೇ ಮುಖ್ಯ ರಕ್ಷಣೆ. ಆದರೆ ರೋಗ ಊರಿಗೆ ಬಂದ ಹೊತ್ತಿನಲ್ಲಿ ನೊಣಕ್ಕೆ ಹೊಡೆಯುವ ಮದ್ದೂ ಕೆಲಸ ಮಾಡಬೇಕು. ಸುಮ್ಮನಿದ್ದ ದಿನಗಳಲ್ಲಿ ಮನಬಂದಂತೆ ಹೊಡೆದು ಮದ್ದಿನ ಬಲ ಕಳೆದುಕೊಂಡವರು ಬೇಕಾದ ದಿನ ಕೈಕಟ್ಟಿ ಕೂರಬೇಕಾಗುತ್ತದೆ. ಈ ಲೇಖನದ ತಿರುಳು ಇದೇ.

ನಿರೋಧಶಕ್ತಿ ಬರುವ ಬಗೆ

ಮದ್ದು ಕುಡಿದು ಕುಡಿದು ನೊಣಕ್ಕೆ ಅದು ಒಗ್ಗಿಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬೀಜಕ್ಕೆ ಅಡಿಕೆ ಆರಿಸುವ ಕ್ರಮವನ್ನು ನೆನೆದುಕೊಳ್ಳಿ. ತೋಟದ ನೂರಾರು ಮರಗಳಲ್ಲಿ ಒಳ್ಳೆಯ ತಾಯಿಮರ ಗುರುತಿಸಿ ಅದರ ಗೋಟನ್ನೇ ಮಡಿಗೆ ಹಾಕುತ್ತೇವೆ. ಮದ್ದು ಹೊಡೆದಾಗ ನಡೆಯುವುದೂ ಇಂಥ ಆಯ್ಕೆಯೇ. ಹಿಂಡಿನಲ್ಲಿ ಹುಟ್ಟಿನಿಂದಲೇ ಮದ್ದಿಗೆ ಜಗ್ಗದ ಕೆಲವೇ ಕೆಲವು ನೊಣಗಳಿರುತ್ತವೆ. ಉಳಿದವು ಸತ್ತಾಗ ಮುಂದಿನ ತಲೆಮಾರಿಗೆ ತಂದೆತಾಯಿಗಳಾಗುವುದು ಅವೇ. ನಾವೇ ಹಣ ಕೊಟ್ಟು ಗಟ್ಟಿ ನೊಣದ ಬೀಜ ಆರಿಸಿಕೊಟ್ಟಂತಾಯಿತು.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. 10,000 ನೊಣಗಳಲ್ಲಿ ಜಗ್ಗದವು ಹತ್ತು, ಅಂದರೆ ಸಾವಿರಕ್ಕೆ ಒಂದು. ಒಂದು ಸಲ ಹೊಡೆದರೆ ಸಾಮಾನ್ಯ ನೊಣಗಳಲ್ಲಿ ಹತ್ತಕ್ಕೆ ಒಂಬತ್ತು ಸಾಯುತ್ತವೆ, ಜಗ್ಗದವು ಉಳಿಯುತ್ತವೆ ಎನ್ನೋಣ. ಆಗ ಉಳಿದ ನೊಣಗಳಲ್ಲಿ ಜಗ್ಗದವುಗಳ ಪಾಲು ನೂರಕ್ಕೆ ಒಂದು. ಎರಡನೆಯ ಸಲಕ್ಕೆ ಹೆಚ್ಚುಕಡಿಮೆ ಹತ್ತಕ್ಕೆ ಒಂದು. ಮೂರನೆಯ ಸಲಕ್ಕೆ ಅರ್ಧಕ್ಕರ್ಧ! ನೊಣಕ್ಕೆ ವರ್ಷದಲ್ಲಿ ಹತ್ತಾರು ತಲೆಮಾರು. ಆದಕಾರಣ ಅಡಿಕೆ ಸಸಿ ಫಲಕ್ಕೆ ಬರುವಷ್ಟರಲ್ಲಿ ನೊಣದ ಕುಲವೇ ಬದಲಾಗಿರಬಹುದು.

ಈ ನೊಣಗಳು ಉಳಿಯುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ದೇಹದೊಳಗಿನ ಕಿಣ್ವಗಳು ವಿಷವನ್ನು ಒಡೆದು ನಿರುಪಾಯಗೊಳಿಸುವುದು. ಇನ್ನೊಂದು, ವಿಷ ತಾಗುವ ಜಾಗವೇ ಬದಲಾಗಿರುವುದು. ನರಗಳಲ್ಲಿ ಸೋಡಿಯಂ ಒಳಬರಲು ಪುಟ್ಟ ಬಾಗಿಲುಗಳಿವೆ. ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್, ಫ್ಲುಮೆತ್ರಿನ್ ಮೊದಲಾದ ಪೈರೆತ್ರಾಯ್ಡ್ ಗುಂಪಿನ ಮದ್ದುಗಳು ಆ ಬಾಗಿಲು ಮುಚ್ಚದಂತೆ ಹಿಡಿಯುತ್ತವೆ. ನೊಣ ಕಂಪಿಸಿ ಬೀಳುತ್ತದೆ. ಆ ಬಾಗಿಲಿನ ರಚನೆಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಮದ್ದಿಗೆ ಹಿಡಿತ ಸಿಗದು. ಇನ್ನೊಂದು ಸ್ವಾರಸ್ಯವೆಂದರೆ ಡಿಡಿಟಿಯೂ ಕೈಹಾಕುವುದು ಇದೇ ಬಾಗಿಲಿಗೆ. ಆದುದರಿಂದ ಡಿಡಿಟಿಯ ಕಾಲದಲ್ಲಿ ಈ ಬಗೆಯಲ್ಲಿ ಗಟ್ಟಿಯಾದ ನೊಣಗಳ ಸಂತತಿ ಪೈರೆತ್ರಾಯ್ಡ್ ಮಾರುಕಟ್ಟೆಗೆ ಬರುವ ಮೊದಲೇ ಅದಕ್ಕೂ ಅರ್ಧ ಸಿದ್ಧವಾಗಿತ್ತು.

ನಮ್ಮ ತೋಟದ ಅನುಭವವನ್ನೇ ಇದಕ್ಕೆ ಹೋಲಿಸಬಹುದು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್‌ಮನ್ ಅವರು 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಳಕೆಗೆ ತಂದರು. ನೂರು ವರ್ಷ ಮೀರಿದರೂ ಮೈಲುತುತ್ತ-ಸುಣ್ಣದ ಆ ದ್ರಾವಣ ಇಂದಿಗೂ ಕೆಲಸ ಮಾಡುತ್ತಿದೆ. ಏಕೆಂದರೆ ತಾಮ್ರ ರೋಗಾಣುವನ್ನು ಏಕಕಾಲಕ್ಕೆ ಹಲವು ಕಡೆ ಹೊಡೆಯುತ್ತದೆ. ಹಲವು ಕಡೆಯೂ ಒಟ್ಟಿಗೆ ಬದಲಾಗುವುದು ರೋಗಾಣುವಿಗೆ ಕಷ್ಟ. ಒಂದೇ ಬಾಗಿಲಿಗೆ ಕೈಹಾಕುವ ಮದ್ದಿಗೆ ಆ ಬಾಳಿಕೆ ಇಲ್ಲ.

ಜಗತ್ತು ಕಲಿತ ಪಾಠ

ಡಿಡಿಟಿ ಕೀಟ ಕೊಲ್ಲುತ್ತದೆಂದು ಪಾಲ್ ಮುಲ್ಲರ್ ಕಂಡುಹಿಡಿದದ್ದು 1939ರಲ್ಲಿ. ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1948ರಲ್ಲಿ. ಅಷ್ಟರೊಳಗಾಗಿ, 1946-47ರಲ್ಲೇ, ಸ್ವೀಡನ್ ಮತ್ತು ಡೆನ್ಮಾರ್ಕಿನಲ್ಲಿ ಡಿಡಿಟಿಗೆ ಸಾಯದ ಮನೆನೊಣ ಕಾಣಿಸಿಕೊಂಡಿತ್ತು. ಡೆನ್ಮಾರ್ಕಿನ ಯೋಹಾನೆಸ್ ಕೈಡಿಂಗ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ಕಾಲದಿಂದ ದಶಕಗಟ್ಟಲೆ ರೈತರ ಕೊಟ್ಟಿಗೆಗಳ ನೊಣ ತಂದು ಪರೀಕ್ಷಿಸಿದರು. ಒಂದು ಮದ್ದು ಸೋತಾಗ ಇನ್ನೊಂದು, ಅದು ಸೋತಾಗ ಮತ್ತೊಂದು. ಪ್ರತಿ ಹೊಸ ಮದ್ದಿನ ಬೆನ್ನಿಗೇ ನಿರೋಧಶಕ್ತಿ ಬಂತೆಂದು ಅವರ ದಾಖಲೆ ಹೇಳುತ್ತದೆ.

ಅಮೆರಿಕದಲ್ಲಿ 1980ರ ಸುಮಾರಿಗೆ ಎಮ್ಮೆನೊಣದ ಹತ್ತಿರದ ಬಂಧುವಿನ ವಿರುದ್ಧ ಪೈರೆತ್ರಾಯ್ಡ್ ತುಂಬಿದ ಕಿವಿಬಿಲ್ಲೆ ಬಂತು. ದನದ ಕಿವಿಗೆ ತಗುಲಿಸಿದರೆ ತಿಂಗಳುಗಟ್ಟಲೆ ಮದ್ದು ಜಿನುಗುತ್ತದೆ. ರೈತರು ಮುಗಿಬಿದ್ದು ಕೊಂಡರು. ಎರಡು ಮೂರು ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಬಿಲ್ಲೆಯ ಮೇಲೇ ನೊಣ ಕೂರುವಂತಾಯಿತು. ತಿಂಗಳುಗಟ್ಟಲೆ ಬಿಡದೆ ಮದ್ದು ತಾಗುತ್ತಿದ್ದುದೇ ಕೆಡುಕಾಯಿತು. ನಮ್ಮ ದೇಶದಲ್ಲಿಯೂ ದನದ ಉಣ್ಣೆಗಳ ಮೇಲೆ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷೆ ಮಾಡಿ, ಹಲವು ರಾಜ್ಯಗಳಲ್ಲಿ ಡೆಲ್ಟಾಮೆತ್ರಿನ್‌ಗೆ ಜಗ್ಗದ ಉಣ್ಣೆಗಳಿರುವುದನ್ನು ತೋರಿಸಿದ್ದಾರೆ. ಉಣ್ಣೆಗೆಂದು ಹೊಡೆದ ಮದ್ದು ನೊಣಕ್ಕೂ ತಾಗುತ್ತದೆ ಎಂಬುದನ್ನು ಮರೆಯಬಾರದು.

ಸಗಣಿಹುಳವೆಂಬ ಸಹಾಯಕ

ಆಸ್ಟ್ರೇಲಿಯಾದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿಗೆ ದನ ಹೋದದ್ದು ಐರೋಪ್ಯರೊಂದಿಗೆ. ಅಲ್ಲಿಯ ಮೂಲ ಸಗಣಿಹುಳಗಳಿಗೆ ಕಾಂಗರೂವಿನ ಒಣ ಹಿಕ್ಕೆ ಗೊತ್ತಿತ್ತೇ ಹೊರತು ದನದ ಸಗಣಿ ಗೊತ್ತಿರಲಿಲ್ಲ. ಸಗಣಿ ಬಿದ್ದಲ್ಲೇ ಬಿದ್ದು, ಹುಲ್ಲು ಮುಚ್ಚಿ, ನೊಣ ವಿಪರೀತವಾಯಿತು. ಹಂಗೆರಿ ಮೂಲದ ಜಾರ್ಜ್ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಸಲಹೆಯಂತೆ ಅಲ್ಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಹೊರದೇಶಗಳಿಂದ ಸಗಣಿಹುಳ ತರಿಸಿ 1968ರಿಂದ ಬಿಡತೊಡಗಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳು ಅಲ್ಲಿ ನೆಲೆಯೂರಿದವು. ಎಮ್ಮೆನೊಣ ಪೂರ್ತಿ ಹೋಗಲಿಲ್ಲವಾದರೂ ಹಲವು ಕಡೆ ಹುಲ್ಲುಗಾವಲಿನ ನೊಣ ಇಳಿಯಿತು, ನೆಲದ ಸಾರ ಏರಿತು.

ಆಸ್ಟ್ರೇಲಿಯಾ ಹಡಗಿನಲ್ಲಿ ತರಿಸಿಕೊಂಡ ಬಗೆಯ ಹುಳ ನಮ್ಮ ಬ್ಯಾಣ, ಗೋಮಾಳಗಳಲ್ಲಿ ಪುಕ್ಕಟೆಯಾಗಿ ದುಡಿಯುತ್ತಿದೆ. ಸಗಣಿಯನ್ನು ಚೂರು ಮಾಡಿ ನೆಲದೊಳಗೆ ಒಯ್ಯುವುದರಿಂದ ನೊಣದ ಮರಿಗೆ ಜಾಗವೇ ಇಲ್ಲದಾಗುತ್ತದೆ, ಮಣ್ಣಿಗೆ ಗೊಬ್ಬರವೂ ಆಗುತ್ತದೆ. ಆದರೆ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೊಟ್ಟ ದನದ ಸಗಣಿಯಲ್ಲಿ ಮದ್ದಿನ ಅಂಶ ಉಳಿದು ಸಗಣಿ ಕೊಳೆಸುವ ಕೀಟಗಳ ಮರಿಗಳಿಗೆ ಮಾರಕವಾಗುತ್ತದೆಂದು ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು 1987ರಲ್ಲಿ ಎಚ್ಚರಿಸಿದರು. ಐವರ್‌ಮೆಕ್ಟಿನ್ ಒಳ್ಳೆಯ ಔಷಧಿ. ಅದರ ಶೋಧಕ್ಕೆ 2015ರಲ್ಲಿ ನೊಬೆಲ್ ಬಂದಿದೆ. ಆದರೆ ಪಶುವೈದ್ಯರು ಹೇಳದೆ ಹಟ್ಟಿಯ ಎಲ್ಲ ದನಕ್ಕೂ ಪದೇ ಪದೇ ಚುಚ್ಚಿಸುವುದು ತರವಲ್ಲ. ಕರೆಯುವ ಹಸುವಿಗೆ ಕೊಟ್ಟರೆ ಹಾಲಿನಲ್ಲೂ ಅಂಶ ಉಳಿಯುತ್ತದೆ.

ಬೆಳೆಗಾರರು ಮಾಡಬೇಕಾದದ್ದು

1. ಮೊದಲ ಮದ್ದು ಸಲಿಕೆ. ಮೊಟ್ಟೆ ನೊಣವಾಗಲು ಕನಿಷ್ಠ ಒಂದು ವಾರದ ಮೇಲೆ ಬೇಕು. ವಾರಕ್ಕೊಮ್ಮೆಯಾದರೂ ಹಾಸುಸೊಪ್ಪು ಪೂರ್ತಿ ತೆಗೆದರೆ ಈ ಸರಪಣಿ ತುಂಡಾಗುತ್ತದೆ. ಮೂಲೆ, ಗೋದಲಿಯ ಬುಡ, ಕರು ಕಟ್ಟುವ ಜಾಗಗಳನ್ನು ಬಿಡಬಾರದು. ಮಳೆಗಾಲದಲ್ಲಿ ಹಸಿಸೊಪ್ಪಿಗಿಂತ ಒಣ ದರಗು ಮೇಲು.

2. ಗಂಜಲ ನಿಲ್ಲದೆ ಹರಿದುಹೋಗುವಂತೆ ನೆಲಕ್ಕೆ ಇಳಿಜಾರು, ಚರಂಡಿ ಇರಲಿ.

3. ಗೊಬ್ಬರದ ರಾಶಿಯನ್ನು ಒತ್ತಾಗಿ ಏರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿರಿ. ಒಳಗಿನ ಕಾವಿಗೆ ಮರಿಹುಳ ಸಾಯುತ್ತದೆ, ಮಳೆಗೆ ಸಾರವೂ ತೊಳೆದುಹೋಗದು. ಗೋಬರ್ ಗ್ಯಾಸ್ ಇದ್ದವರು ಸಗಣಿಯನ್ನು ಅದೇ ದಿನ ತೊಟ್ಟಿಗೆ ಸೇರಿಸಿದರೆ ಉತ್ತಮ. ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆಗಳನ್ನು ಕೊಟ್ಟಿಗೆಯ ಪಕ್ಕ ಹಸಿಯಾಗಿ ರಾಶಿ ಹಾಕಬೇಡಿ.

4. ನಾಟಿಕೋಳಿ ತಿಪ್ಪೆ ಕೆದರಿ ಹುಳ ತಿನ್ನುತ್ತದೆ. ಸಂಜೆಯ ಹೊಗೆ ನೊಣವನ್ನು ಕೊಲ್ಲದಿದ್ದರೂ ತಾತ್ಕಾಲಿಕ ನೆಮ್ಮದಿ ಕೊಡುತ್ತದೆ. ಅದಕ್ಕೆ ನಿರೋಧಶಕ್ತಿಯ ಭಯವಿಲ್ಲ.

5. ಎಮ್ಮೆನೊಣಕ್ಕೆ ಹಾದುಹೋಗುವ ಬಲೆ ಒಳ್ಳೆಯ ಉಪಾಯ. ಅಮೆರಿಕದಲ್ಲಿ 1930ರ ದಶಕದ ಕೊನೆಗೆ ರೂಪಿಸಿದ್ದು ಇದು. ದನ ಮೇವಿಗೆ ಹೋಗುವ ದಾರಿಯಲ್ಲಿ ಮಬ್ಬುಗತ್ತಲೆಯ ಒಂದು ಓಣಿ ಮಾಡಿ, ಗೋಣಿಯ ಪಟ್ಟಿಗಳನ್ನು ಇಳಿಬಿಡಬೇಕು. ಪಟ್ಟಿ ಮೈ ಸವರಿದಾಗ ಎದ್ದ ನೊಣ ಬೆಳಕಿನತ್ತ ಹಾರಿ ಪಕ್ಕದ ಜಾಲರಿಯೊಳಗೆ ಸಿಕ್ಕಿಬೀಳುತ್ತದೆ.

6. ಮದ್ದು ಹೊಡೆಯಲೇಬೇಕಾದಾಗ ಚೀಟಿಯಲ್ಲಿ ಬರೆದ ಅಳತೆಗೆ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಡಿಮೆ ಹಾಕಿದರೆ ಅರೆಗಟ್ಟಿ ನೊಣಗಳೂ ಉಳಿದು ಬೀಜವಾಗುತ್ತವೆ. ಹೆಚ್ಚು ಹಾಕಿದರೆ ದನಕ್ಕೂ ಹೊಡೆಯುವವನಿಗೂ ವಿಷ. ಕಾಲು, ಹೊಟ್ಟೆಯ ಅಡಿಭಾಗ ನೆನೆಯಬೇಕು. ಮಳೆ ಬರುವ ಮುನ್ನ ಹೊಡೆದು ಹಣ ಕಳೆಯಬೇಡಿ.

7. ಅಂಗಡಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಮದ್ದು ಬದಲಾಗದು. ಮೇಲೆ ಹೇಳಿದ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್, ಫ್ಲುಮೆತ್ರಿನ್ ಮೂರೂ ಒಂದೇ ಮನೆತನ. ಒಂದಕ್ಕೆ ಜಗ್ಗದ ನೊಣ ಉಳಿದವಕ್ಕೂ ಜಗ್ಗದಿರುವುದೇ ಹೆಚ್ಚು. ಬದಲಿಸುವುದಾದರೆ ಗುಂಪನ್ನೇ ಬದಲಿಸಬೇಕು. ಅದನ್ನು ಪಶುವೈದ್ಯರಲ್ಲಿ ಕೇಳಿ.

8. ತೋಟಕ್ಕೆ ತಂದ ಕೀಟನಾಶಕವನ್ನು ದನದ ಮೈಗೆ ಎಂದಿಗೂ ಬಳಸಬಾರದು. ಕಾಂಡಕೊರಕಕ್ಕೆ ತಂದ ಮದ್ದು ಮಿಕ್ಕಿತೆಂದು ಕೊಟ್ಟಿಗೆಗೆ ಹೊಡೆದರೆ ದನದ ಜೀವಕ್ಕೂ ಹಾಲು ಕುಡಿಯುವ ಮಕ್ಕಳಿಗೂ ಅಪಾಯ. ಹಳೆಯ ಡಬ್ಬಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನೊಣಕ್ಕೆ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ.

9. ಗಾಯಕ್ಕೆ ನೊಣ ಕೂರದಂತೆ ಅದೇ ದಿನ ಮದ್ದು ಹಚ್ಚಿ. ಹುಳ ಬಿದ್ದ ಮೇಲೆ ಪಡುವ ಪಾಡು ಬೆಳೆಗಾರರಿಗೆ ಗೊತ್ತೇ ಇದೆ.

10. ತಳಿಯ ಆಯ್ಕೆಯೂ ಒಂದು ಉಪಾಯ. ಭುಜವಿರುವ ನಮ್ಮ ದೇಶೀ ದನಗಳ ಮೈಮೇಲೆ ವಿದೇಶಿ ರಕ್ತದ ಮಿಶ್ರತಳಿಗಳಿಗಿಂತ ಉಣ್ಣೆಯ ಕಾಟ ಕಡಿಮೆಯೆಂಬುದು ಸಿದ್ಧವಾದ ಸಂಗತಿ. ಬೀದರಿಗೆ ದೇವಣಿ ಇದ್ದಂತೆ ನಮಗೆ ಮಲೆನಾಡು ಗಿಡ್ಡ ಇದೆ. ಗೊಬ್ಬರಕ್ಕಾಗಿಯೇ ದನ ಸಾಕುವವರು ಇದನ್ನು ಯೋಚಿಸಬೇಕು.

ಒಬ್ಬರಿಂದಾಗದ ಕೆಲಸ

ನೊಣಕ್ಕೆ ಬೇಲಿಯಿಲ್ಲ. ಕೊಟ್ಟಿಗೆ ನೊಣ ಮೈಲಿಗಟ್ಟಲೆ ಹಾರಬಲ್ಲದು. ನಾನು ಚೊಕ್ಕಟ ಮಾಡಿ ನೆರೆಯವರು ಬಿಟ್ಟರೆ ಅರ್ಧ ಫಲ. ನಾನು ಮಿತವಾಗಿ ಮದ್ದು ಬಳಸಿ ನೆರೆಯವರು ವಾರವಾರ ಹೊಡೆದರೆ, ಅವರ ಹಟ್ಟಿಯಲ್ಲಿ ಗಟ್ಟಿಯಾದ ನೊಣ ನಾಳೆ ನನ್ನ ಹಸುವಿನ ಕಾಲ ಮೇಲೆ. ಮದ್ದಿನ ಬಲವೆಂಬುದು ಊರಿನ ಕೆರೆಯಿದ್ದಂತೆ. ಒಬ್ಬ ಕದಡಿದರೂ ಎಲ್ಲರೂ ಕುಡಿಯಬೇಕಾದದ್ದು ಅದೇ ನೀರು. ಇಂಥ ಕೆಲಸಕ್ಕೇ ಸಹಕಾರ ಸಂಘಗಳಿರುವುದು. ಯಾವ ವರ್ಷ ಯಾವ ಗುಂಪಿನ ಮದ್ದು ದಾಸ್ತಾನು ಮಾಡಬೇಕೆಂದು ಪಶುವೈದ್ಯರನ್ನು ಕೂರಿಸಿಕೊಂಡು ತೀರ್ಮಾನಿಸುವುದು, ಗೊಬ್ಬರದ ರಾಶಿಗೆ ಹೊದಿಸುವ ಹಾಳೆಗಳನ್ನು ಒಟ್ಟಿಗೆ ತರಿಸುವುದು, ಹಾದುಹೋಗುವ ಬಲೆಯೊಂದನ್ನು ಮಾದರಿಗೆ ಕಟ್ಟಿ ತೋರಿಸುವುದು, ಮದ್ದು ನಾಟದ ಕೊಟ್ಟಿಗೆಗಳ ಸುದ್ದಿಯನ್ನು ಪಶುವೈದ್ಯಕೀಯ ಕಾಲೇಜಿಗೆ ಮುಟ್ಟಿಸಿ ಪರೀಕ್ಷೆಗೆ ಕೋರುವುದು, ಇವೆಲ್ಲ ಸಂಘದಿಂದ ಆಗಬಹುದಾದ ಕೆಲಸಗಳು. ಮುಂಗಾರಿಗೆ ಮುಂಚೆ ನಡೆಯುವ ನಿಮ್ಮ ಊರಿನ ಸದಸ್ಯರ ಸಭೆಯಲ್ಲಿ ಬೋರ್ಡೋ ದ್ರಾವಣದ ಮೈಲುತುತ್ತದ ಮಾತು ಮುಗಿದ ಮೇಲೆ, ಈ ವಿಷಯವನ್ನೂ ಒಂದು ಗಳಿಗೆ ಚರ್ಚೆಗೆ ತೆಗೆದುಕೊಳ್ಳಿರೆಂದು ಬೆಳೆಗಾರ ಬಂಧುಗಳಲ್ಲಿ ವಿನಂತಿ.